ಗೋಡೆಯನ್ನೇರುವ ನೀರು

ಮಳೆ ಬೀಳುವುದು ಮೇಲಿನಿಂದ; ಆದರೆ ಮಳೆಗಾಲ ಕಳೆದಮೇಲೆ ದೊಮ್ಮಲೂರಿನ ಹಳೆಯ ಮನೆಗಳ ಗೋಡೆಗಳನ್ನು ನೋಡಿದರೆ ತೇವದ ಕಲೆ ನೆಲದಿಂದ ಮೇಲಕ್ಕೆ ಹಬ್ಬಿರುವುದು ಕಾಣುತ್ತದೆ. ನಮ್ಮ ಮನೆಯೂ ಅಂಥದೇ. ಇಟ್ಟಿಗೆ, ಸುಣ್ಣದ ಗಾರೆಗಳಿಂದ ಕಟ್ಟಿದ್ದು. ಮೊಳಕಾಲೆತ್ತರದವರೆಗೆ ಹೊರಗಿನ ಗಿಲಾವು ಉದುರುತ್ತಿತ್ತು. ಗಾರೆ ಮೇಸ್ತ್ರಿಯನ್ನು ಕರೆಸಿದೆ. “ಸಿಮೆಂಟು ಬಳಿದುಬಿಡೋಣ ಮೇಷ್ಟ್ರೇ, ಆಮೇಲೆ ನೀರಿನ ಅಪ್ಪನೂ ಬರೋದಿಲ್ಲ” ಎಂದರು. ಭೌತವಿಜ್ಞಾನ ಬೋಧಿಸುವ ನಾನೂ ತಲೆಯಾಡಿಸಿದೆ! ಎರಡು ಮಳೆಗಾಲಗಳಲ್ಲಿ ಕಲೆ ಸೊಂಟದೆತ್ತರಕ್ಕೆ ಏರಿ, ಒಳಗೋಡೆಯಲ್ಲಿಯೂ ಕಾಣಿಸಿಕೊಂಡಿತು. ಆ ಗೋಡೆಗೆ ಒತ್ತಿಕೊಂಡೇ ನಮ್ಮ ತಾಯಿಯವರ ಮಂಚ. ಚಳಿಗಾಲ ಬಂತೆಂದರೆ ಅವರಿಗೆ ಕೆಮ್ಮು. ಮಂಚವನ್ನು ಸರಿಸಿರೆಂದು ವೈದ್ಯರು ಹೇಳಿದರು. ಗೋಡೆಯನ್ನೇ ಸರಿಪಡಿಸಬೇಕೆಂದು ನನಗೆ ತೋರಿತು.

ಮೊದಲು ರೋಗನಿದಾನ. ಒಳಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕು ಅಂಚುಗಳನ್ನೂ ಅಂಟಿಸಿ ಎರಡು ದಿನ ಬಿಟ್ಟೆ. ಕೋಣೆಯ ಕಡೆಯ ಮುಖದಲ್ಲಿ ಹನಿಗಟ್ಟಿದರೆ ಅದು ಗಾಳಿಯ ತೇವ. ಗೋಡೆಯ ಕಡೆಗೆ ಹನಿಗಟ್ಟಿದರೆ ಗೋಡೆಯೊಳಗಿನದು. ನಮ್ಮಲ್ಲಿ ಹನಿಗಳಿದ್ದುದು ಗೋಡೆಯ ಕಡೆಗೆ. ತಾರಸಿಯ ಕೊಳವೆಯಾಗಲಿ ಸಜ್ಜೆಯಾಗಲಿ ಸೋರುತ್ತಿರಲಿಲ್ಲ. ಹಾಗಾದರೆ ನೀರು ಏರುತ್ತಿರುವುದು ನೆಲದಿಂದಲೇ.

ದೀಪದ ಬತ್ತಿಗೆ ಎಣ್ಣೆ ಏರುವುದನ್ನು ಎಲ್ಲರೂ ಬಲ್ಲರು. ಇಟ್ಟಿಗೆಯೂ ಒಂದು ಬತ್ತಿಯೇ. ಅದರೊಳಗಿನ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ನೀರಿನ ಮೇಲ್ಮೈ ಎಳೆತವು ನೀರನ್ನು ಮೇಲಕ್ಕೆ ಸೆಳೆಯುತ್ತದೆ. ಇದೇ ಕೇಶಾಕರ್ಷಣ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು: 1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಗೆಯಲ್ಲಿ ನೀರು ಸುಮಾರು 15 ಮಿಲಿಮೀಟರ್ ಏರಿದರೆ, ಅದರ ನೂರನೆಯ ಒಂದು ಭಾಗದಷ್ಟು ತ್ರಿಜ್ಯದಲ್ಲಿ ಒಂದೂವರೆ ಮೀಟರ್ ಏರಬಲ್ಲದು. ಆದರೆ ಗೋಡೆಯಲ್ಲಿ ಅಷ್ಟೆತ್ತರ ಮುಟ್ಟುವ ಮುನ್ನವೇ ನೀರು ಮೇಲ್ಮೈಯಿಂದ ಆವಿಯಾಗಿ ಹೋಗುತ್ತದೆ. ಏರುವ ನೀರೂ ಆರುವ ನೀರೂ ಸಮವಾದಲ್ಲಿಗೆ ಕಲೆ ನಿಲ್ಲುತ್ತದೆ. ನಮ್ಮ ತಪ್ಪಿದ್ದುದು ಇಲ್ಲಿಯೇ. ಸುಣ್ಣದ ಗಿಲಾವು ಉಸಿರಾಡುತ್ತದೆ. ದಟ್ಟವಾದ ಸಿಮೆಂಟು ಆವಿಗೆ ಬಾಗಿಲು ಮುಚ್ಚುತ್ತದೆ. ಹೊರಬರಲಾರದ ನೀರು ಆರುವ ಜಾಗವನ್ನರಸಿ ಇನ್ನೂ ಮೇಲಕ್ಕೆ ಹೋಯಿತು.

ಗಿಲಾವನ್ನು ಒಡೆಯುವುದು ನೀರಿಗಿಂತ ಹೆಚ್ಚಾಗಿ ಉಪ್ಪು. ನೆಲದ ಲವಣಗಳು ನೀರಿನೊಡನೆ ಏರಿ, ನೀರು ಆರಿದಲ್ಲಿ ಹರಳುಗಟ್ಟುತ್ತವೆ. ಸೋಡಿಯಂ ಸಲ್ಫೇಟಿನ ಒಂದು ಅಣುವಿಗೆ ನೀರಿನ ಹತ್ತು ಅಣುಗಳು ಸೇರಿ ಹರಳಾದಾಗ ಅದರ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ. ರಂಧ್ರದೊಳಗೆ ಇಂಥ ಹರಳು ಬೆಳೆದರೆ ಇಟ್ಟಿಗೆಯ ಮುಖವೇ ಪುಡಿಯಾಗುವುದರಲ್ಲಿ ಆಶ್ಚರ್ಯವೇನು? ದೊಮ್ಮಲೂರಿನ ಚೋಳರ ಕಾಲದ ಚೊಕ್ಕನಾಥಸ್ವಾಮಿ ಗುಡಿಯ ಶಿಲೆಗೆ ಈ ಭಯ ಕಡಮೆ. ಕಗ್ಗಲ್ಲಿನಲ್ಲಿ ರಂಧ್ರಗಳು ಅತಿ ವಿರಳ.

ಇನ್ನು ಚಿಕಿತ್ಸೆ. ಬೀದಿಗೆ ಡಾಂಬರಿನ ಪದರದ ಮೇಲೆ ಪದರ ಬಿದ್ದು, ಮೂರು ಮೆಟ್ಟಿಲೇರಿ ಬರುತ್ತಿದ್ದ ನಮ್ಮ ಮನೆಗೆ ಈಗ ಉಳಿದಿರುವುದು ಒಂದೇ ಮೆಟ್ಟಿಲು. ಬೀದಿಯನ್ನು ಇಳಿಸಲಾರೆವಷ್ಟೆ, ಗೋಡೆಯ ಬುಡದ ಮಣ್ಣನ್ನು ತೆಗೆದು, ಜಲ್ಲಿ ತುಂಬಿ, ನೀರು ಆಚೆ ಹರಿಯುವಂತೆ ಕಾಲುವೆ ಮಾಡಿಸಿದೆ. ಅಡಿಪಾಯದ ಮೇಲೆ ಹಾಸಬೇಕಾದ ತೇವತಡೆ ಪದರ ನಮ್ಮ ಮನೆಗಿರಲಿಲ್ಲ. ಬುಡದ ಗಾರೆಯ ಸಾಲಿನಲ್ಲಿ ಸುಮಾರು 12 ಸೆಂಟಿಮೀಟರಿಗೊಂದರಂತೆ ತೂತು ಕೊರೆದು, ನೀರನ್ನು ಒಲ್ಲದ ಸಿಲೇನ್ ಲೇಪವನ್ನು ತುಂಬಿಸಿದ್ದಾಯಿತು. ಅನಂತರ ಕಲೆಗಿಂತ ಅರ್ಧ ಮೀಟರ್ ಮೇಲಿನವರೆಗೆ ಸಿಮೆಂಟನ್ನು ಕಿತ್ತು, ಸಂದುಗಳನ್ನು ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದಲೇ ಗುಡಿಸಿದೆವು. ತೊಳೆದರೆ ಉಪ್ಪು ಮತ್ತೆ ಒಳಗಿಳಿಯುತ್ತದೆ.

ಕಷ್ಟವಾದುದು ಕಾಯುವುದು. ಗೋಡೆಯ ದಪ್ಪದ ಒಂದಂಗುಲ ಆರಲು ಒಂದು ತಿಂಗಳೆಂಬುದು ಸ್ಥೂಲ ಲೆಕ್ಕ. ನಮ್ಮದು ಒಂಬತ್ತಂಗುಲದ ಗೋಡೆ. ಅಷ್ಟು ಕಾಲವೂ ಬತ್ತಲೆ ಇಟ್ಟಿಗೆಯನ್ನು ನೋಡಿ ನೆರೆಯವರು ಹಣ ಸಾಲದಾಯಿತೇ ಎಂದು ವಿಚಾರಿಸಿದರು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ ಎರಡು ತೆಳು ಪದರಗಳಾಗಿ ಗಿಲಾವು ಮಾಡಿಸಿ, ಬಿಸಿಲಿಗೆ ಬಿರಿಯದಂತೆ ಒದ್ದೆ ಗೋಣಿ ಹೊದಿಸಿ, ಕೊನೆಗೆ ಬರಿಯ ಸುಣ್ಣ ಬಳಿಸಿದೆ. ಕಲೆ ಪೂರ್ಣವಾಗಿ ಅಳಿದಿಲ್ಲ, ಒಂದು ಗೇಣಿನಷ್ಟು ಉಳಿದಿದೆ. ಬೇಸಗೆಯಲ್ಲಿ ಅಲ್ಲಿ ಮೂಡುವ ಬಿಳಿಯ ಉಪ್ಪನ್ನು ತಾಯಿಯವರೇ ಪೊರಕೆಯಿಂದ ಗುಡಿಸುತ್ತಾರೆ. ಮಂಚವನ್ನು ಮಾತ್ರ ಅವರು ಇನ್ನೂ ಗೋಡೆಯಿಂದ ಸರಿಸಗೊಟ್ಟಿಲ್ಲ.