ಬ್ರೇಕ್ ಒತ್ತಿದಾಗ ಪಿಕಪ್ ನಡುಗುವುದೇಕೆ?

ನಮ್ಮ ಕಾಲೇಜಿನ ಹಲವು ವಿದ್ಯಾರ್ಥಿಗಳ ಮನೆ ನಡೆಯುವುದು ಪಿಕಪ್ ಬಾಡಿಗೆಯಿಂದ. ತರಕಾರಿ, ಮೀನು, ಸಿಮೆಂಟ್, ಮದುವೆಯ ಶಾಮಿಯಾನ ಎಲ್ಲವೂ ಅದರಲ್ಲೇ ಸಾಗುತ್ತವೆ. ಪಿಕಪ್ ಓಡಿಸುವವರ ಬಾಯಲ್ಲಿ ಆಗಾಗ ಕೇಳುವ ಒಂದು ದೂರು ಇದು: "ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ." ಇದರ ಕಾರಣ ಹುಡುಕುವುದು ಹೇಗೆ ಎಂದು ನೋಡೋಣ.

ವಾಣಿಜ್ಯ ವಿಭಾಗದವಳಿಗೆ ಗ್ಯಾರೇಜಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ನಮ್ಮ ಅಬ್ಬಾ ಪಿಕಪ್ ಓಡಿಸುತ್ತಾರೆ. ಕಳೆದ ವರ್ಷ ಅವರ ಗಾಡಿ ನಡುಗಲು ಶುರುವಾದಾಗ ಒಂದು ಗ್ಯಾರೇಜಿನಲ್ಲಿ ಮೊದಲು ಅಲೈನ್‌ಮೆಂಟ್ ಮಾಡಿದರು, ಆಮೇಲೆ ಬ್ಯಾಲೆನ್ಸಿಂಗ್ ಮಾಡಿದರು, ಆಮೇಲೆ ಪ್ಯಾಡ್ ಬದಲಿಸಿದರು. ನಡುಕ ಹೋಗಲಿಲ್ಲ. ಖರ್ಚಿನ ಜೊತೆಗೆ ಮೂರು ದಿನದ ಬಾಡಿಗೆಯೂ ಹೋಯಿತು. ಕಾರಣ ತಿಳಿಯದೆ ಭಾಗ ಬದಲಿಸುವುದು ಎಂದರೆ ಲೆಕ್ಕದಲ್ಲಿ ನೇರ ನಷ್ಟ. ಪರೀಕ್ಷೆಗೆ ಮಾತ್ರ ಹೆಚ್ಚು ಖರ್ಚಿಲ್ಲ.

ಮೊದಲ ಪ್ರಶ್ನೆ: ನಡುಕ ಯಾವಾಗ ಬರುತ್ತದೆ? ಬ್ರೇಕ್ ಒತ್ತದೆಯೇ ಒಂದು ವೇಗದಲ್ಲಿ ನಡುಗಿದರೆ ಟೈರ್ ಅಥವಾ ಬ್ಯಾಲೆನ್ಸಿಂಗ್ ಮೇಲೆ ಅನುಮಾನ ಪಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕನ್ನೇ ಮೊದಲು ನೋಡಬೇಕು. ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಪೆಡಲ್ ಟಕಟಕ ಎಂದರೆ ಅದು ದೋಷವಲ್ಲ.

ಎರಡನೇ ಪ್ರಶ್ನೆ: ಎಲ್ಲಿ ನಡುಗುತ್ತದೆ? ಇಂಥ ಹೆಚ್ಚಿನ ಗಾಡಿಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ದೋಷ ಮುಂದಿದೆ. ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಡ್ರಮ್ ನೋಡಬೇಕು.

ಮುಂದಿನ ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿದಾಗ ಗಾಡಿ ನಿಲ್ಲುತ್ತದೆ. ನಡುಕ ಬಂದ ಕೂಡಲೇ "ಡಿಸ್ಕ್ ಬೆಂಡ್ ಆಗಿದೆ" ಎನ್ನುತ್ತಾರೆ. ಆದರೆ ಎಷ್ಟೋ ಸಲ ಡಿಸ್ಕ್ ಬಾಗಿರುವುದಿಲ್ಲ, ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಸುಮಾರು 0.02 ಮಿಲಿಮೀಟರ್ ವ್ಯತ್ಯಾಸ, ಅಂದರೆ ತಲೆಕೂದಲಿಗಿಂತ ತೆಳುವಾದದ್ದು, ಕೈಗೆ ನಡುಕವಾಗಿ ತಿಳಿಯಬಹುದು. ದಪ್ಪ ಜಾಗ ಬಂದಾಗಲೆಲ್ಲ ಪ್ಯಾಡ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಆ ಪೆಟ್ಟು ಪೆಡಲಿಗೂ ಸ್ಟೇರಿಂಗಿಗೂ ಬರುತ್ತದೆ.

ದಪ್ಪ ಏಕೆ ಬದಲಾಗುತ್ತದೆ? ಹಬ್ ಮತ್ತು ಡಿಸ್ಕ್ ನಡುವೆ ತುಕ್ಕು ಅಥವಾ ಮಣ್ಣು ಕೂತರೆ ಡಿಸ್ಕ್ ಸ್ವಲ್ಪ ಓರೆಯಾಗಿ ತಿರುಗುತ್ತದೆ. ಚಕ್ರದ ನಟ್‌ಗಳನ್ನು ಒಂದನ್ನು ಹೆಚ್ಚು, ಒಂದನ್ನು ಕಡಿಮೆ ಬಿಗಿದರೂ ಹಾಗೆಯೇ ಆಗಬಹುದು. ಆಗ ಡಿಸ್ಕ್ ಪ್ರತಿ ಸುತ್ತಿನಲ್ಲೂ ಪ್ಯಾಡ್‌ಗೆ ತಾಗಿ ಒಂದೇ ಕಡೆ ಸವೆಯುತ್ತದೆ. ಕ್ಯಾಲಿಪರ್ ಪಿನ್ ಜಾಮ್ ಆದರೆ ಪ್ಯಾಡ್ ಪೂರ್ತಿ ಬಿಡುವುದಿಲ್ಲ. ಆ ಚಕ್ರ ಮಾತ್ರ ಹೆಚ್ಚು ಬಿಸಿಯಾಗುತ್ತದೆ, ಗಾಡಿ ಒಂದು ಬದಿಗೆ ಎಳೆಯಲೂಬಹುದು.

ಡಿಸ್ಕ್ ಓರೆಯನ್ನು ಡಯಲ್ ಗೇಜ್‌ನಿಂದ, ದಪ್ಪವನ್ನು ಮೈಕ್ರೋಮೀಟರ್‌ನಿಂದ ಸುತ್ತಲೂ ಏಳೆಂಟು ಕಡೆ ಅಳೆಯಬೇಕು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಲೇತ್‌ಗೆ ಹಾಕಿದ ಮೇಲೂ ಅದಕ್ಕಿಂತ ಹೆಚ್ಚು ದಪ್ಪ ಉಳಿಯುವಂತಿದ್ದರೆ ಹಾಕಿಸಬಹುದು. ಇಲ್ಲದಿದ್ದರೆ ಎರಡೂ ಬದಿಯ ಡಿಸ್ಕ್ ಮತ್ತು ಪ್ಯಾಡ್ ಒಟ್ಟಿಗೆ ಬದಲಿಸಬೇಕು.

ಅದೇ ಹೊತ್ತಿನಲ್ಲಿ ಗಾಡಿಯ ಮುಂಭಾಗವನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ಅಲ್ಲಾಡಿಸಿ ನೋಡುತ್ತಾರೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲೂಸ್ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ಎಡ ಮತ್ತು ಬಲಕ್ಕೆ ಹಿಡಿದಾಗ ಲೂಸ್ ಇದ್ದರೆ ಟೈ ರಾಡ್ ಎಂಡ್ ನೋಡಬೇಕು. ಇವು ಸವೆದಿದ್ದರೆ ಡಿಸ್ಕ್‌ನ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಕಳಚಿಬಿಟ್ಟರೆ ಚಕ್ರ ಚಾಲಕರ ಹಿಡಿತಕ್ಕೆ ಸಿಗುವುದಿಲ್ಲ.

ನಮ್ಮ ಅಬ್ಬಾರ ಗಾಡಿಯಲ್ಲಿ ಕೊನೆಗೆ ಸಿಕ್ಕಿದ್ದು ಹಬ್ ಮೇಲಿನ ತುಕ್ಕು ಮತ್ತು ಒಂದು ಕಡೆ ಸವೆದ ಡಿಸ್ಕ್. ಬೇರೊಬ್ಬ ಉಸ್ತಾದ್ ಗೇಜ್ ಇಟ್ಟು ಅಳೆದ ಮೇಲೆಯೇ ಅದು ಗೊತ್ತಾಯಿತು.

ಘಾಟಿಯಲ್ಲಿ ಓಡುವವರು ಇನ್ನೂ ಎಚ್ಚರವಾಗಿರಬೇಕು. ಶಿರಾಡಿ, ಚಾರ್ಮಾಡಿಯಂಥ ಇಳಿಜಾರಿನಲ್ಲಿ ಲೋಡ್ ಇದ್ದಾಗ ಕಾಲನ್ನು ಬ್ರೇಕ್ ಮೇಲೆಯೇ ಇಟ್ಟರೆ ಡಿಸ್ಕ್ ಕಾದು ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಕೆಳಗಿನ ಗೇರ್‌ನಲ್ಲಿ ಇಳಿಯುವುದೇ ಸರಿ.

ನಿಮ್ಮ ಮನೆಯ ಗಾಡಿ ನಡುಗಿದರೆ ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಡಿ: ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ಒತ್ತದಿದ್ದಾಗಲೋ, ಸ್ಟೇರಿಂಗಿನಲ್ಲೋ ಸೀಟಿನಲ್ಲೋ, ಲೋಡ್ ಇದ್ದಾಗಲೋ ಖಾಲಿ ಇದ್ದಾಗಲೋ. ಯಾವುದೇ ಭಾಗ ಬದಲಿಸಿ ಎನ್ನುವ ಮೊದಲು "ಅಳತೆ ಎಷ್ಟು ಬಂತು?" ಎಂದು ಕೇಳಿ.