ಮಗುವಿನ ಗಾಡಿಯೂ ಮೈಸೂರಿನ ಮೋಜಣಿಯೂ

ಟಿಪ್ಪು ಸುಲ್ತಾನನ ಪತನಾನಂತರ ನಡೆದ ಮೈಸೂರು ಸೀಮೆಯ ಮೋಜಣಿಯ ವಿಷಯವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ಸಂದೇಹವನ್ನು ತಂದನು. ಮೋಜಣಿದಾರರು ‘ಪೆರಾಂಬ್ಯುಲೇಟರ್’ ತಳ್ಳಿಕೊಂಡು ಹೋಗುತ್ತಿದ್ದರೆಂದು ಅಲ್ಲಿ ಬರೆದಿತ್ತು. ಅವನ ನಿಘಂಟಿನಲ್ಲಿ ಆ ಪದಕ್ಕೆ ಮಗುವನ್ನು ಮಲಗಿಸಿ ತಳ್ಳುವ ಗಾಡಿಯೆಂಬ ಒಂದೇ ಅರ್ಥವಿತ್ತು. ಕಾಡುಮೇಡುಗಳ ದಾರಿಯಲ್ಲಿ ಹಸುಗೂಸುಗಳಿಗೆ ಏನು ಕೆಲಸ? ತರಗತಿಯೆಲ್ಲ ನಕ್ಕಿತು. ಆದರೆ ತಪ್ಪು ಅವನದಲ್ಲ. ೧೮೦೦ರ ಪದವನ್ನು ಇಂದಿನ ಅರ್ಥದಿಂದ ಓದಿದರೆ ಯಾರಿಗಾದರೂ ಹೀಗೆಯೇ ಆಗುವುದು.

ಲ್ಯಾಟಿನ್ ಭಾಷೆಯಲ್ಲಿ ‘ಪೆರ್’ ಎಂದರೆ ‘ಉದ್ದಕ್ಕೂ’, ‘ಅಂಬುಲಾರೆ’ ಎಂದರೆ ‘ನಡೆಯುವುದು’. ಮೊದಲು ಪೆರಾಂಬ್ಯುಲೇಟರ್ ಎಂದರೆ ನಡೆದು ಸುತ್ತುವ ಮನುಷ್ಯ. ಬಳಿಕ ಅವನು ತಳ್ಳಿಕೊಂಡು ಹೋಗುವ, ದಾರಿಯ ಉದ್ದವನ್ನು ಅಳೆಯುವ ಚಕ್ರಕ್ಕೆ ಆ ಹೆಸರು ಬಂದಿತು. ಮಗುವಿನ ಗಾಡಿಗೆ ಅದು ಅಂಟಿದುದು ೧೯ನೆಯ ಶತಮಾನದ ಮಧ್ಯಭಾಗದಲ್ಲಿ. ‘ಪ್ರ್ಯಾಮ್’ ಎಂಬುದು ಅದರ ಮೊಟಕು ರೂಪ. ‘ಆಂಬ್ಯುಲೆನ್ಸ್’ ಕೂಡ ಇದೇ ಧಾತುವಿನಿಂದ ಹುಟ್ಟಿದ್ದು. ಸೇನೆಯ ಹಿಂದೆ ಸಾಗುತ್ತಿದ್ದ ‘ನಡೆಯುವ ಆಸ್ಪತ್ರೆ’ಯೇ ಅದರ ಮೂಲಾರ್ಥ.

ಅಳೆಯುವ ಚಕ್ರಕ್ಕೆ ‘ವೇವೈಸರ್’ ಎಂಬ ಇನ್ನೊಂದು ಹೆಸರೂ ಉಂಟು. ‘ವೈಸ್’ ಎಂಬುದನ್ನು ಕಂಡು ಜಾಣ ಚಕ್ರವೆಂದು ಅರ್ಥಮಾಡಬಾರದು. ‘ದಾರಿ ತೋರಿಸುವವನು’ ಎಂಬ ಜರ್ಮನ್ ಪದವನ್ನು ಇಂಗ್ಲಿಷರು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು, ಅಷ್ಟೆ.

ಈ ಯಂತ್ರದ ತತ್ತ್ವ ಸರಳವಾದುದು. ಚಕ್ರದ ಪರಿಧಿಯನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ ದೂರವು ದೊರೆಯುತ್ತದೆ. ಪರಿಧಿ ಎಂಟೂಕಾಲು ಅಡಿಯಾದರೆ ೬೪೦ ಸುತ್ತುಗಳಿಗೆ ಸರಿಯಾಗಿ ಒಂದು ಮೈಲಿ. ಆದರೆ ಚಕ್ರವು ಅಳೆಯುವುದು ತಾನು ಉರುಳಿದ ಹಾದಿಯನ್ನು ಮಾತ್ರ. ೧೦ ಡಿಗ್ರಿ ಇಳಿಜಾರಿನಲ್ಲಿ ಅದು ೧,೦೦೦ ಅಡಿ ಉರುಳಿದರೆ ನಕ್ಷೆಯಲ್ಲಿ ಗುರುತಿಸಬೇಕಾದುದು ಸುಮಾರು ೯೮೫ ಅಡಿ. ಚಾಮುಂಡಿ ಬೆಟ್ಟದಂತಹ ಕಡೆ ದಾರಿ ಸುತ್ತಿ ಬಳಸಿ ಹೋದರಂತೂ ಅಂತರವು ಇನ್ನೂ ಹೆಚ್ಚುತ್ತದೆ.

ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಯಲ್ಲಿ ತೊಡಗಿದ್ದ ಕಾಲದಲ್ಲಿಯೇ ವಿಲಿಯಂ ಲ್ಯಾಂಬ್ಟನ್ ಬೇರೊಂದು ಮಾರ್ಗವನ್ನು ಹಿಡಿದನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದಷ್ಟೆ. ಕೋನಗಳನ್ನು ಅಳೆಯುವ ಉಪಕರಣ ಥಿಯೊಡೊಲೈಟ್. ಈ ಪದವು ೧೫೭೧ರಲ್ಲಿ ಪ್ರಕಟವಾದ ಲೆನಾರ್ಡ್ ಡಿಗ್ಸ್‌ನ ಗ್ರಂಥದಲ್ಲಿ ಕಾಣಿಸಿಕೊಂಡಿತು. ಅದರ ವ್ಯುತ್ಪತ್ತಿ ಪಂಡಿತರಿಗೆ ಇಂದಿಗೂ ಒಗಟು. ಅಲ್ಲಿ ಅದು ಸಮತಲದ ಕೋನಗಳನ್ನಷ್ಟೇ ಅಳೆಯುವ ಉಪಕರಣ. ಮೇಲೆ ಕೆಳಗೆ ತಿರುಗುವ ದೂರದರ್ಶಕವು ಬಂದುದು ಆಮೇಲೆ.

ಲ್ಯಾಂಬ್ಟನ್ನನ ತ್ರಿಕೋನಗಳು ಮದರಾಸಿನಿಂದ ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, ಹಳೆಯ ನಕ್ಷೆಗಳಲ್ಲಿ ೪೦೦ ಮೈಲಿ ಎಂದಿದ್ದ ಅಗಲವು ಸುಮಾರು ೩೬೦ ಮೈಲಿಯೆಂದು ಸಿದ್ಧವಾಯಿತು. ೪೦ ಮೈಲಿಗಳ ನೆಲವು ಕಾಗದದ ಮೇಲೆ ಮಾತ್ರ ಇದ್ದಿತು!

ಸರಪಳಿಗೆ ಇಂಗ್ಲಿಷಿನಲ್ಲಿ ‘ಚೈನ್’. ಇಲ್ಲಿಯೂ ಎಚ್ಚರ ಬೇಕು. ಪಠ್ಯಪುಸ್ತಕಗಳ ಚೈನ್ ಎಂದರೆ ೧೭ನೆಯ ಶತಮಾನದ ಎಡ್ಮಂಡ್ ಗುಂಟರನದು: ೬೬ ಅಡಿ, ೧೦೦ ಕೊಂಡಿಗಳು. ಲ್ಯಾಂಬ್ಟನ್ನನದಾದರೋ ಎರಡೂವರೆ ಅಡಿಯ ೪೦ ಉಕ್ಕಿನ ಸರಳುಗಳ, ೧೦೦ ಅಡಿಯ ಸರಪಳಿ. ಅವನ ನೂರು ಚೈನುಗಳನ್ನು ಗುಂಟರನ ಚೈನುಗಳೆಂದು ಓದಿದವನು ೧೦,೦೦೦ ಅಡಿಗೆ ಬದಲು ೬,೬೦೦ ಅಡಿ ಎಂದು ಬರೆದಾನು.

ಗುಂಟರನ ಸರಪಳಿಯ ನೆರಳು ನಮ್ಮ ಹೊಲಗಳ ಮೇಲೂ ಬಿದ್ದಿದೆ. ನಮ್ಮ ರೈತರ ಪಹಣಿಯಲ್ಲಿ ಕಾಣುವ ಒಂದು ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲ. ೩೩ ಅಡಿಯೆಂದರೆ ಸರಿಯಾಗಿ ಗುಂಟರನ ಅರ್ಧ ಸರಪಳಿ. ಅದರಿಂದಲೇ ೪೦ ಗುಂಟೆಗೆ ಒಂದು ಎಕರೆ, ಅಂದರೆ ೪೩,೫೬೦ ಚದರಡಿ, ಎಂಬ ಲೆಕ್ಕವು ಚೊಕ್ಕವಾಗಿ ಕೂಡುತ್ತದೆ. ಹೆಸರುಗಳ ಸಾಮ್ಯವನ್ನು ಕಂಡು ಗುಂಟೆಯು ಗುಂಟರನಿಂದ ಹುಟ್ಟಿತೆಂದು ಹೇಳಬಾರದು. ಅಳತೆಯ ನಂಟಿಗೆ ಲೆಕ್ಕವೇ ಸಾಕ್ಷಿ, ಹೆಸರಿನ ನಂಟಿಗೆ ಕಿವಿಯೊಂದೇ ಸಾಕ್ಷಿಯಾಗಲಾರದು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪಾಠವು ಅತ್ಯಾವಶ್ಯಕ. ಲೈಬ್ನಿಟ್ಸ್ ‘ಜೀವಂತ ಬಲ’ ಎಂದು ಕರೆದುದು ನಾವು ಇಂದು ಬಲವೆನ್ನುವುದನ್ನಲ್ಲ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದುದನ್ನು, ಎಂದರೆ ಇಂದಿನ ಚಲನಶಕ್ತಿಯ ಎರಡರಷ್ಟನ್ನು. ಹಳೆಯ ಗ್ರಂಥವನ್ನು ತೆರೆದಾಗ ಪದದ ಅರ್ಥವೇನೆಂದು ಕೇಳಿದರೆ ಸಾಲದು, ಯಾವ ವರ್ಷದ ಅರ್ಥವೆಂದೂ ಕೇಳಬೇಕು. ನಗೆಗೀಡಾದ ನಮ್ಮ ವಿದ್ಯಾರ್ಥಿಯು ಈಗ ಮಾಡುತ್ತಿರುವುದು ಅದನ್ನೇ. ನಕ್ಕವರೂ ಅವನಿಂದ ಕಲಿಯಲಿ.