ತಪ್ಪಿಹೋದ ಅಪಘಾತಗಳ ಕಡತ ಎಲ್ಲಿದೆ?

2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದವು. ಒಂದು ಕೋಲ್ಕತ್ತಕ್ಕೆ ಹೊರಟಿತ್ತು, ಇನ್ನೊಂದು ಭುವನೇಶ್ವರಕ್ಕೆ. ಏರುತ್ತ ಏರುತ್ತ ಒಂದರ ದಾರಿಗೆ ಮತ್ತೊಂದು ಬರತೊಡಗಿತು. ರೇಡಾರ್ ನೋಡುತ್ತಿದ್ದ ನಿಯಂತ್ರಕರು ತಕ್ಷಣ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ 400ಕ್ಕೂ ಹೆಚ್ಚು ಜನ ಉಳಿದರು. ಅಂದು ದಕ್ಷಿಣದ ರನ್‌ವೇ ಬಳಕೆಯನ್ನು ನಿಲ್ಲಿಸಿ ಉತ್ತರದ ರನ್‌ವೇ ಒಂದರಿಂದಲೇ ಸಂಚಾರ ನಡೆಸಲು ತೀರ್ಮಾನವಾಗಿತ್ತು. ಆ ತೀರ್ಮಾನ ದಕ್ಷಿಣದ ನಿಯಂತ್ರಕರಿಗೆ ತಲುಪಿರಲಿಲ್ಲವೆಂದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂತು.

ಇದಕ್ಕಿಂತ ಕಳವಳಕಾರಿಯಾದ ಸಂಗತಿ ಬೇರೆಯಿದೆ. ಘಟನೆ ಯಾವ ದಾಖಲೆ ಪುಸ್ತಕದಲ್ಲೂ ನಮೂದಾಗಿರಲಿಲ್ಲ. ಹಲವು ದಿನಗಳ ನಂತರ ಪತ್ರಿಕೆಗಳ ಮೂಲಕವೇ ಅದು ಜನರಿಗೆ ತಿಳಿಯಿತು. ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಕಳೆದವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದ ನಷ್ಟಕ್ಕೆ ನಾವು ಕಡತ ತೆರೆಯುತ್ತೇವೆ; ತಪ್ಪಿದ ನಷ್ಟಕ್ಕೆ ಲೆಕ್ಕಶೀರ್ಷಿಕೆಯೇ ಇರುವುದಿಲ್ಲ.

ವಿಮಾನಯಾನದಲ್ಲಿ ಅನಾಹುತ ತಪ್ಪುವುದು ಕೆಲವೇ ಕ್ಷಣಗಳ ಅಂತರದಲ್ಲಿ. ಪ್ರತಿ ಹಾರಾಟಕ್ಕೂ ಮುನ್ನ ವಿಮಾನದ ತೂಕ, ಹವೆಯ ಉಷ್ಣಾಂಶ, ರನ್‌ವೇಯ ಉದ್ದ ಇವನ್ನೆಲ್ಲ ಗಣಿಸಿ ‘ವಿ-1’ ಎಂಬ ವೇಗವನ್ನು ನಿಗದಿ ಮಾಡುತ್ತಾರೆ. ಅದಕ್ಕೆ ಮುಂಚೆ ತೊಂದರೆ ಕಂಡರೆ ನಿಲ್ಲಬಹುದು. ಅದು ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಹಾರುವುದೇ ಕ್ಷೇಮ. ನಿಲ್ಲುವುದೂ ಸುಲಭವಲ್ಲ. ವೇಗ ಇಮ್ಮಡಿಯಾದರೆ ಬ್ರೇಕುಗಳು ತಾಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಾಖಕ್ಕೆ ಟೈರು ಸಿಡಿಯಬಾರದೆಂದು ಚಕ್ರದಲ್ಲಿ ಕರಗುವ ಬಿರಡೆಗಳನ್ನು ಇಟ್ಟಿರುತ್ತಾರೆ. ಅವು ಕರಗಿ ಗಾಳಿ ತಾನಾಗಿ ಹೊರಹೋಗುತ್ತದೆ.

2023ರ ಜನವರಿ 13ರ ರಾತ್ರಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಡೆಲ್ಟಾ ವಿಮಾನವೊಂದು ಓಟ ಆರಂಭಿಸಿದ್ದಾಗ, ಲಂಡನ್ನಿಗೆ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನ ದಾರಿ ತಪ್ಪಿ ಅದೇ ರನ್‌ವೇಯನ್ನು ಅಡ್ಡಹಾಯಿತು. ನಿಯಂತ್ರಕರು ಕೂಗಿ ಹೇಳಿದರು, ಡೆಲ್ಟಾ ನಿಂತಿತು. ಪ್ರಯಾಣಿಕರಿಗೆ ಒಂದು ರಾತ್ರಿ ವ್ಯರ್ಥವಾಯಿತು. ಕಂಪನಿಯ ಲೆಕ್ಕದಲ್ಲಿ ಕಾಣುವುದು ಆ ರಾತ್ರಿಯ ಖರ್ಚು ಮಾತ್ರ. ಲಂಡನ್ನಿನ ವಿಮಾನವಾದರೋ ಪ್ರಯಾಣ ಮುಂದುವರಿಸಿತು. ಅದರ ಧ್ವನಿಮುದ್ರಕ ಎರಡು ಗಂಟೆಯ ಮಾತನ್ನಷ್ಟೇ ಉಳಿಸಿಕೊಳ್ಳುವಂಥದ್ದಾದ್ದರಿಂದ, ತನಿಖೆಗೆ ಬೇಕಿದ್ದ ಮಾತುಗಳು ಅಳಿಸಿಹೋದವು.

ನಿಲ್ಲದೇ ಹೋದರೆ ಏನಾದೀತೆಂಬುದಕ್ಕೆ 1977ರ ಮಾರ್ಚ್ 27ರ ಟೆನೆರಿಫ್ ಸಾಕ್ಷಿ. ಆ ಸ್ಪ್ಯಾನಿಷ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಪ್ಯಾನ್ ಆಮ್ ವಿಮಾನ ಇನ್ನೂ ಸಾಗುತ್ತಿದ್ದಾಗಲೇ ಕೆಎಲ್‌ಎಂ ವಿಮಾನ ಅನುಮತಿಯಿಲ್ಲದೆ ಓಟ ಶುರುಮಾಡಿತು. ಎರಡೂ ಬೋಯಿಂಗ್ 747. ಸತ್ತವರು 583 ಮಂದಿ. ಕೆಎಲ್‌ಎಂ ಸಿಬ್ಬಂದಿಗೆ ಕರ್ತವ್ಯದ ಅವಧಿ ಮೀರುವ ಆತಂಕವಿತ್ತು. ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಸಂದೇಹಪಟ್ಟು ಕೇಳಿದ್ದರು. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಎಂದರು, ಕಿರಿಯರು ಸುಮ್ಮನಾದರು. ಈ ಮೌನವನ್ನು ನಮ್ಮ ಯಾವ ಕಚೇರಿಯವರಾದರೂ ಗುರುತಿಸಬಲ್ಲರು.

ಮೌನವನ್ನು ಬೆಳೆಸುವ ಖಚಿತ ಉಪಾಯವೆಂದರೆ ಆತುರದ ಶಿಕ್ಷೆ. 2024ರ ಜೂನ್ 8ರಂದು ಮುಂಬೈಯಲ್ಲಿ ಏರ್ ಇಂಡಿಯಾ ವಿಮಾನ ಮೇಲೇಳುತ್ತಿದ್ದ ರನ್‌ವೇಯ ಮೇಲೆಯೇ ಹಿಂದಿನಿಂದ ಇಂಡಿಗೊ ವಿಮಾನ ಬಂದಿಳಿಯಿತು. ವಿಡಿಯೊ ಹರಿದಾಡಿತು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕೂಡಲೇ ನಿಯಂತ್ರಕರೊಬ್ಬರನ್ನು ಕರ್ತವ್ಯದಿಂದ ದೂರವಿಟ್ಟಿತು. ತನಿಖೆಯ ಕಾಲಕ್ಕೆ ಹೀಗೆ ಮಾಡುವುದರಲ್ಲಿ ತಪ್ಪಿಲ್ಲದಿರಬಹುದು. ಆದರೆ ವಿಡಿಯೊ ಇಲ್ಲದ ದಿನ, ಪಕ್ಕದ ಮೇಜಿನವರು ತಮ್ಮ ತಪ್ಪನ್ನು ತಾವಾಗಿ ಬರೆದುಕೊಡುತ್ತಾರೆಯೇ?

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1974ರ ಡಿಸೆಂಬರಿನಲ್ಲಿ ವರ್ಜೀನಿಯಾದ ಬೆಟ್ಟಕ್ಕೆ ಟಿಡಬ್ಲ್ಯುಎ ವಿಮಾನ ಬಡಿದು 92 ಜನ ಸತ್ತರು. ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ತಪ್ಪು ಮಾಡಿ, ಅದೇ ಬೆಟ್ಟದಿಂದ ಸ್ವಲ್ಪದರಲ್ಲಿ ಪಾರಾಗಿತ್ತು. ಯುನೈಟೆಡ್ ತನ್ನ ಚಾಲಕರಿಗೆ ಎಚ್ಚರಿಕೆ ಕೊಟ್ಟಿತು; ಉಳಿದವರಿಗೆ ಸುದ್ದಿ ತಲುಪಲಿಲ್ಲ. ಇದಾದ ಮೇಲೆ ವಿಮಾನಯಾನ ನಿಯಂತ್ರಣ ಸಂಸ್ಥೆ ತಾನೇ ವರದಿಗಳನ್ನು ಪಡೆಯಲು ಹೊರಟಿತು. ಪರವಾನಗಿ ಕಸಿಯಬಲ್ಲ ಕೈಗೆ ತಪ್ಪೊಪ್ಪಿಗೆ ಬರೆದುಕೊಡಲು ಚಾಲಕರು ಹಿಂಜರಿದರು. ಆದ್ದರಿಂದ 1976ರಲ್ಲಿ ಈ ಕೆಲಸ ನಾಸಾಗೆ ಹೋಯಿತು. ಅಲ್ಲಿ ವರದಿಗಾರರ ಹೆಸರನ್ನು ಅಳಿಸುತ್ತಾರೆ. ಉದ್ದೇಶಪೂರ್ವಕವಲ್ಲದ ಲೋಪವನ್ನು ಹತ್ತು ದಿನದೊಳಗೆ ತಿಳಿಸಿದರೆ ಸಾಮಾನ್ಯವಾಗಿ ದಂಡನೆಯೂ ಇಲ್ಲ.

ನಮ್ಮಲ್ಲೂ ಸ್ವಯಂಪ್ರೇರಿತ ವರದಿಯ ವ್ಯವಸ್ಥೆಯಿದೆ. ಆದರೆ ಆ ವರದಿಗಳು ಹೋಗುವುದು ಪರವಾನಗಿ ಕೊಡುವ, ಕಸಿಯುವ, ಕರ್ತವ್ಯದಿಂದ ಇಳಿಸುವ ಮಹಾನಿರ್ದೇಶನಾಲಯಕ್ಕೇ. ಅವನ್ನು ಶಿಕ್ಷೆಯ ಅಧಿಕಾರವಿಲ್ಲದ ಬೇರೊಂದು ಸಂಸ್ಥೆಗೆ ವಹಿಸಲು ಹೊಸ ರನ್‌ವೇ ಕಟ್ಟುವಷ್ಟು ಹಣ ಬೇಕಿಲ್ಲ. ಒಂದು ಆದೇಶ, ಕೆಲವು ಮಂದಿ ಅನುಭವಿ ನಿವೃತ್ತ ಚಾಲಕರು ಹಾಗೂ ನಿಯಂತ್ರಕರು ಸಾಕು.